ಸಿಎ ಆದ ಮೇಲೆ ಇನ್ನೊಂದು ಪದವಿ ಬೇಕೆ?

ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ 2023ರ ಜುಲೈ 1ರಿಂದ ಹೊಸ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದಾಗ ಆರ್ಟಿಕಲ್‌ಶಿಪ್ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಮೂಡುಬಿದಿರೆಯಲ್ಲೋ ಉಜಿರೆಯಲ್ಲೋ ಪಿಯುಸಿ ಓದಿ, ಫೌಂಡೇಶನ್ ಬರೆದು, ಬಿ.ಕಾಂ. ಜೊತೆಜೊತೆಗೇ ಇಂಟರ್ ದಾಟಿ, ಎಲ್ಲೂ ಎಡವದೆ ನಡೆದ ವಿದ್ಯಾರ್ಥಿ ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿಗೆ ಸಿಎ ಆಗಿಬಿಡುವುದು ಈಗ ಸಾಧ್ಯ. ಹಾಗಾಗಿ ಹಿಂದೆ ಅಷ್ಟಾಗಿ ಕೇಳಿಬರದಿದ್ದ ಪ್ರಶ್ನೆಯೊಂದು ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಸಹಜವಾಗಿಯೇ ಎದ್ದಿದೆ. ವಯಸ್ಸು ಇನ್ನೂ ಚಿಕ್ಕದು, ಎಂ.ಕಾಂ. ಮಾಡಬೇಕೆ, ಎಂಬಿಎಗೆ ಹೋಗಬೇಕೆ, ಕಾನೂನು ಓದಬೇಕೆ, ಪಿಎಚ್.ಡಿ. ಹಿಡಿಯಬೇಕೆ? ಓದಿನಲ್ಲಿ ಮುಂದಿರುವ ಈ ಸೀಮೆಯಲ್ಲಿ ಇನ್ನೊಂದು ಪದವಿ ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಆದರೂ ಗೌರವಕ್ಕಾಗಿಯೋ, ‘ಜ್ಞಾನ ಹೆಚ್ಚಲಿ’ ಎಂಬ ಸದಿಚ್ಛೆಯಿಂದಲೋ ಸಿಎ ಆದವರು ಸ್ನಾತಕೋತ್ತರ ಪದವಿಗೆ ಸೇರಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಯಮವೊಂದು ಸಿಎಗೆ ಬಾಗಿಲು ಮುಚ್ಚಿರುವ ಕಡೆ ಹೋಗಲೇಬೇಕು ಎನ್ನುವವರಿಗೆ ಮಾತ್ರ ಪದವಿ ಬೇಕು. ಈ ಮೂರು ತಾಲೂಕುಗಳ ಮಟ್ಟಿಗೆ ಅಂಥ ಬಾಗಿಲುಗಳು ಎರಡೇ: ಒಂದು ನ್ಯಾಯಾಲಯದ್ದು, ಇನ್ನೊಂದು ಕಾಲೇಜು ಮತ್ತು ಸಂಶೋಧನೆಯದ್ದು.

ಸಿಎ ಅರ್ಹತೆಗೆ ಈಗಿರುವ ಸ್ಥಾನ ಎಂಥದು ಎಂಬುದನ್ನು ಮೊದಲು ನೋಡಬೇಕು. 1949ರ ಕಾಯ್ದೆಯಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ವಿಶ್ವವಿದ್ಯಾಲಯವಲ್ಲ, ಅದು ಕೊಡುವುದು ಪದವಿಯಲ್ಲ, ಸದಸ್ಯತ್ವ. ಹೀಗಾಗಿ ‘ನೀವು ಎಷ್ಟು ಓದಿದ್ದೀರಿ’ ಎಂಬ ಪ್ರಶ್ನೆಗೆ ಕಾಗದದ ಮೇಲೆ ಬಿ.ಕಾಂ. ಎಂದಷ್ಟೇ ಬರೆಯಬೇಕಾದ ಸ್ಥಿತಿ ದಶಕಗಳ ಕಾಲ ಇತ್ತು. 2021ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಸಿಎ, ಕಂಪನಿ ಸೆಕ್ರೆಟರಿ ಮತ್ತು ಕಾಸ್ಟ್ ಅಕೌಂಟೆನ್ಸಿ ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಪರಿಗಣಿಸಲು ಒಪ್ಪಿತು. ಅದೇ ವರ್ಷ ಬ್ರಿಟನ್ನಿನ ಅರ್ಹತಾ ಮೌಲ್ಯಮಾಪನ ಸಂಸ್ಥೆಯೂ ಸಿಎ ಫೈನಲನ್ನು ಅಲ್ಲಿನ ಮಾಸ್ಟರ್ಸ್ ಮಟ್ಟಕ್ಕೆ ಸರಿಸಮವೆಂದು ಗುರುತಿಸಿತು. ಪರೀಕ್ಷೆಯ ಬಿಗಿಯಂತೂ ಎಲ್ಲರಿಗೂ ಗೊತ್ತು. ಫೈನಲ್‌ನ ಎರಡೂ ಗ್ರೂಪುಗಳನ್ನು ಒಟ್ಟಿಗೆ ಬರೆದವರಲ್ಲಿ 2023ರ ನವೆಂಬರ್‌ನಲ್ಲಿ ಪಾಸಾದವರು ಶೇಕಡಾ 9.42, 2024ರ ಮೇಯಲ್ಲಿ ಶೇಕಡಾ 19.88. ಇಷ್ಟಾದ ಮೇಲೆ ‘ಮಾಸ್ಟರ್ಸ್ ಇಲ್ಲ’ ಎಂಬ ಕೀಳರಿಮೆಗೆ ಆಧಾರವೇ ಇಲ್ಲ. ಒಂದು ತೊಡಕು ಮಾತ್ರ ಉಳಿದಿದೆ. ಸಮಾನತೆ ಘೋಷಣೆಯಾದ ಮಾತ್ರಕ್ಕೆ ಪ್ರತಿ ನೇಮಕಾತಿ ಪ್ರಕಟಣೆಯ ಭಾಷೆ ಬದಲಾಗುವುದಿಲ್ಲ. ಕಾಲೇಜು ಅಧ್ಯಾಪಕ ಹುದ್ದೆಗಳಿಗೆ ರೂಢಿಯಲ್ಲಿರುವ ಷರತ್ತು ಸ್ನಾತಕೋತ್ತರದಲ್ಲಿ ಶೇಕಡಾ 55 ಅಂಕ. ಸಿಎಯಲ್ಲಿ ಪಾಸಾಗಲು ಬೇಕಾದದ್ದು ಪ್ರತಿ ಪತ್ರಿಕೆಗೆ 40, ಗ್ರೂಪಿಗೆ ಒಟ್ಟಾರೆ 50. ದೇಶವೇ ಮೆಚ್ಚುವ ಪರೀಕ್ಷೆಯಲ್ಲಿ ಶೇಕಡಾ 52 ಪಡೆದು ಗೆದ್ದವರನ್ನು ಅಕ್ಷರಶಃ ಓದುವ ಗುಮಾಸ್ತ ಹೊರಗಿಡಬಹುದು. ಭಾರತೀಯ ಆಡಳಿತ ಸಂಸ್ಥೆಗಳು, ಅಂದರೆ ಐಐಎಂಗಳು, ತಮ್ಮ ಡಾಕ್ಟರೇಟ್ ಪ್ರವೇಶಕ್ಕೆ ಪದವಿಯ ಜೊತೆ ಶೇಕಡಾ 50ರ ಸಿಎಯನ್ನು ಒಪ್ಪುತ್ತವೆ. ಈ ಸರಳ ವಿವೇಕ ಎಲ್ಲ ಕಡೆಯೂ ಬರಬೇಕು.

ಎಂ.ಕಾಂ. ವಿಷಯ ಬೇಗ ಮುಗಿಯುತ್ತದೆ. ಹಣಕಾಸು ವರದಿ, ಉನ್ನತ ಲೆಕ್ಕಪರಿಶೋಧನೆ, ನೇರ ಮತ್ತು ಪರೋಕ್ಷ ತೆರಿಗೆ, ಹಣಕಾಸು ನಿರ್ವಹಣೆ ಇವನ್ನೆಲ್ಲ ಫೈನಲ್‌ಗೆ ಓದಿದವರು ಅದೇ ವಿಷಯಗಳನ್ನು ಇನ್ನಷ್ಟು ತೆಳುವಾದ ಪಠ್ಯದಲ್ಲಿ ಮತ್ತೆ ಓದಬೇಕಾಗುತ್ತದೆ. ಎಂ.ಕಾಂ. ಹೊಸದಾಗಿ ಕೊಡುವುದು ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಒಂದಿಷ್ಟು ಅರ್ಥಶಾಸ್ತ್ರ ಮತ್ತು ಒಂದು ಪ್ರಬಂಧ. ಅವು ಬೆಲೆಯುಳ್ಳವೇ, ಆದರೆ ಮುಂದೆ ಸಂಶೋಧನೆ ಮಾಡುವವರಿಗೆ. ಕಚೇರಿ ತೆರೆದವರು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲೋ ಮೂಡುಬಿದಿರೆಯ ಆಳ್ವಾಸ್‌ನಲ್ಲೋ ಹಗಲು ತರಗತಿಯಲ್ಲಿ ಕೂರುವುದು ಹೇಗೂ ಆಗದ ಮಾತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೋ ಇಗ್ನೋವೋ ದೂರಶಿಕ್ಷಣದಲ್ಲಿ ಅವಕಾಶ ಕೊಡುತ್ತವೆ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಸ್ಪಷ್ಟಪಡಿಸಿದೆ. ಅಧ್ಯಾಪಕ ಹುದ್ದೆಯ ಆಸೆ ಇದ್ದು, 55ರ ಗೆರೆ ಅಡ್ಡ ಬರಬಹುದೆಂಬ ಅಂಜಿಕೆ ಇರುವವರು ಮುನ್ನೆಚ್ಚರಿಕೆಯಾಗಿ ಅದನ್ನು ಮಾಡಿಕೊಳ್ಳಲಿ. ಉಳಿದವರಿಗೆ ಅದು ಶುಲ್ಕ ಕಟ್ಟಿ ಕೊಂಡ ಪುನರಾವರ್ತನೆ.

ಕಾನೂನಿನ ಮಾತು ಬೇರೆ. ಏಕೆಂದರೆ ಈ ಮೂರು ಊರುಗಳ ಸಿಎ ಕಚೇರಿಗೆ ಬರುವ ಕೆಲಸವೇ ಬೇರೆ ಬಗೆಯದು. ಇಲ್ಲಿ ಷೇರುಪೇಟೆಯಲ್ಲಿ ನೋಂದಾಯಿತವಾದ ದೊಡ್ಡ ಕಂಪನಿಗಳ ಸಾಲಿಲ್ಲ. ಅಡಿಕೆ, ರಬ್ಬರ್, ಗೇರು ವ್ಯಾಪಾರಿಗಳು, ಬೀಡಿ ಗುತ್ತಿಗೆದಾರರು, ಬಂಟ್ವಾಳದ ಬಿ.ಸಿ. ರೋಡಿನ ಹೆದ್ದಾರಿ ಬದಿಯ ಅಂಗಡಿಗಳು, ಶಿಕ್ಷಣ ಸಂಸ್ಥೆಗಳು, ದೇವಸ್ಥಾನ, ಬಸದಿ, ಮಸೀದಿ, ಚರ್ಚುಗಳ ಆಡಳಿತಕ್ಕಿರುವ ಟ್ರಸ್ಟುಗಳು ಇಲ್ಲಿಯ ಕಕ್ಷಿದಾರರು. ಎಲ್ಲಕ್ಕಿಂತ ಹೆಚ್ಚಾಗಿ ಸಹಕಾರಿ ಸಂಘಗಳಿವೆ. ಮೊಳಹಳ್ಳಿ ಶಿವರಾಯರಂಥವರು ಬಿತ್ತಿದ ಸಹಕಾರ ಚಳವಳಿ, 1914ರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್, ಊರೂರಿನ ವ್ಯವಸಾಯ ಸೇವಾ ಸಹಕಾರಿ ಸಂಘ, ಹಾಲು ಉತ್ಪಾದಕರ ಸಂಘ, 1997ರ ಸೌಹಾರ್ದ ಕಾಯ್ದೆಯ ಬಳಿಕ ಹುಟ್ಟಿದ ಸೌಹಾರ್ದ ಸಹಕಾರಿಗಳು ಸೇರಿ ಹೆಣೆದ ಈ ಜಾಲವೇ ಇಲ್ಲಿಯ ಆರ್ಥಿಕ ಬದುಕಿನ ಬೆನ್ನೆಲುಬು. ರಾಜ್ಯದ ಸಹಕಾರ ಕಾಯ್ದೆಗೆ 2013ರಲ್ಲಿ ಆದ ತಿದ್ದುಪಡಿಯಿಂದ ಸಂಘದ ಮಹಾಸಭೆಯೇ ಅನುಮೋದಿತ ಪಟ್ಟಿಯಿಂದ ಲೆಕ್ಕಪರಿಶೋಧಕರನ್ನು ಆರಿಸುವ ಪದ್ಧತಿ ಬಂದು, ಸಿಎಗಳ ಪಾಲು ಇನ್ನೂ ಹೆಚ್ಚಿತು.

ಈ ಸಂಘಗಳ ಲೆಕ್ಕದಲ್ಲಿ ಕೂಡು-ಕಳೆಯುವಿಕೆ ಕಷ್ಟವಲ್ಲ, ಕಾನೂನು ಕಷ್ಟ. ಆದಾಯ ತೆರಿಗೆ ಕಾಯ್ದೆಯ 80ಪಿ ಕಲಂ ಸಹಕಾರಿ ಸಂಘ ಸದಸ್ಯರಿಗೆ ಸಾಲ ಕೊಟ್ಟು ಗಳಿಸಿದ ಆದಾಯಕ್ಕೆ ವಿನಾಯಿತಿ ಕೊಟ್ಟಿತು. 2006ರ ಹಣಕಾಸು ಕಾಯ್ದೆ 80ಪಿ(4)ನ್ನು ಸೇರಿಸಿ ಸಹಕಾರಿ ಬ್ಯಾಂಕುಗಳನ್ನು ಹೊರಗಿಟ್ಟಿತು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಉಳಿಸಿತು. ಅಲ್ಲಿಂದ ತಕರಾರು ಹೆಚ್ಚಿತು. ಸಂಘ ತನ್ನ ಹೆಚ್ಚುವರಿ ಹಣವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಬಡ್ಡಿ ಯಾವ ಆದಾಯ? ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇತರ ಮೂಲಗಳ ಆದಾಯವೆಂದು ಹೇಳಿ ತೆರಿಗೆಗೆ ಒಳಪಡಿಸಿತು. ಆ ಬಳಿಕ ತುಮಕೂರು ಮರ್ಚೆಂಟ್ಸ್ ಸೌಹಾರ್ದದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಸಂಗತಿಗಳು ಬೇರೆ ಎಂದು ಗುರುತಿಸಿ ಸಂಘದ ಪರ ನಿಂತಿತು. ಕೇರಳದ ಮಾವಿಲಾಯಿ ಸೇವಾ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಸಹಕಾರಿಗಳ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಓದಬೇಕೆಂದಿತು. ಬೆಳ್ತಂಗಡಿಯ ಸಂಘವೊಂದಕ್ಕೆ ನೋಟೀಸು ಬಂದಾಗ ಈ ಮೂರು ತೀರ್ಪುಗಳ ನಡುವಿನ ಸೂಕ್ಷ್ಮವನ್ನು ಹಿಡಿದು ವಾದ ಕಟ್ಟಬಲ್ಲವರಿದ್ದರೆ ಸಂಘದ ಲಾಭ ಸದಸ್ಯರಿಗೆ ಡಿವಿಡೆಂಡ್ ಆಗಿ ಉಳಿಯುತ್ತದೆ, ಇಲ್ಲವಾದರೆ ಬೇಡಿಕೆ ನೋಟೀಸಾಗಿ ಮರಳುತ್ತದೆ. ಟ್ರಸ್ಟುಗಳದ್ದೂ ಇದೇ ಕಥೆ. 2022ರ ಆಗಸ್ಟ್‌ನಲ್ಲಿ ಬಂದ 17ಎಎ ನಿಯಮ ಧರ್ಮಾರ್ಥ ಸಂಸ್ಥೆಗಳು ಯಾವ ಪುಸ್ತಕ, ಯಾವ ದಾಖಲೆ ಇಡಬೇಕೆಂಬುದನ್ನು ವಿವರವಾಗಿ ವಿಧಿಸಿದೆ. ಲೆಕ್ಕ ನೆಟ್ಟಗಿದ್ದರೂ ದಾಖಲೆ ತಪ್ಪಿದರೆ ವಿನಾಯಿತಿಗೇ ಕುತ್ತು.

ಇದರ ಜೊತೆಗೆ 2020ರ ಆಗಸ್ಟ್‌ನಿಂದ ಬಂದ ಮುಖಾಮುಖಿಯಿಲ್ಲದ ತೆರಿಗೆ ನಿರ್ಧರಣೆಯನ್ನು ನೆನೆಯಬೇಕು. ಅಧಿಕಾರಿ ಯಾವ ಊರಿನಲ್ಲಿದ್ದಾರೆಂಬುದು ಸಿಎಗೆ ತಿಳಿಯುವುದಿಲ್ಲ, ಹಳೆಯ ಪರಿಚಯ, ಮೇಜಿನೆದುರಿನ ವಿವರಣೆ ಯಾವುದೂ ನಡೆಯುವುದಿಲ್ಲ. ಬರೆದ ಉತ್ತರವೇ ಎಲ್ಲ. ಈ ಬದಲಾವಣೆ ಸಣ್ಣ ಊರಿನ ಸಿಎಗೆ ಒಂದು ದೊಡ್ಡ ಉಪಕಾರ ಮಾಡಿದೆ ಎಂದು ನಾನು ತಿಳಿಯುತ್ತೇನೆ. ಬೆಂಗಳೂರಿನ ಕಚೇರಿಗೂ ಬಿ.ಸಿ. ರೋಡಿನ ಕಚೇರಿಗೂ ಇದ್ದ ದೂರ ಅಳಿಸಿತು, ಉಳಿದದ್ದು ಬರವಣಿಗೆಯ ವ್ಯತ್ಯಾಸ ಮಾತ್ರ. ಸಂಗತಿಯನ್ನು ಒಂದೊಂದಾಗಿ ಜೋಡಿಸಿ, ಕಲಂ ತೋರಿಸಿ, ತೀರ್ಪನ್ನು ಎದುರಾಳಿಯ ತೀರ್ಪಿನಿಂದ ಬೇರ್ಪಡಿಸಿ ಬರೆಯುವ ಶಿಸ್ತನ್ನು ಸಿಎ ಪಠ್ಯ ಪೂರ್ತಿಯಾಗಿ ಕಲಿಸುವುದಿಲ್ಲ. ಕಾನೂನು ಶಿಕ್ಷಣ ಕಲಿಸುತ್ತದೆ. ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಸಿಎಯ ಜೊತೆ ಕಾನೂನು ಪದವಿಯನ್ನೂ ಪಡೆದವರು ಎಂಬುದು ಇಲ್ಲಿ ಹೇಳಬಹುದಾದ ಮಾತು.

ಹಾಗೆಂದು ಎಲ್ಲರೂ ಎಲ್‌ಎಲ್‌ಬಿಗೆ ಓಡಬೇಕೆಂದು ನಾನು ಹೇಳುತ್ತಿಲ್ಲ. ವಕೀಲಿ ಸನ್ನದಿಲ್ಲದ ಸಿಎ ಆದಾಯ ತೆರಿಗೆ ಅಧಿಕಾರಿಯ ಮುಂದೆ, ಮೇಲ್ಮನವಿ ಆಯುಕ್ತರ ಮುಂದೆ, ಬೆಂಗಳೂರಿನ ಮೇಲ್ಮನವಿ ನ್ಯಾಯಮಂಡಳಿಯ ಮುಂದೆಯೂ ಕಕ್ಷಿದಾರನ ಪರ ನಿಲ್ಲಬಹುದು. ಜಿಎಸ್‌ಟಿಯಲ್ಲೂ ಅಧಿಕೃತ ಪ್ರತಿನಿಧಿಯಾಗಬಹುದು, 2025ರ ಸೆಪ್ಟೆಂಬರ್‌ನಲ್ಲಿ ಚಾಲನೆ ಪಡೆದ ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿಗೂ ಹೋಗಬಹುದು. ಬಾಗಿಲು ಮುಚ್ಚುವುದು ಹೈಕೋರ್ಟಿನ ಮೆಟ್ಟಿಲ ಬಳಿ. ಅಲ್ಲಿ ನಿಲ್ಲಲು ವಕೀಲರ ಪರಿಷತ್ತಿನ ಸನ್ನದು ಬೇಕು. ಸನ್ನದು ಪಡೆದವರು ಬೇರೆ ವೃತ್ತಿ ನಡೆಸುವುದಕ್ಕೆ ಪರಿಷತ್ತಿನ ನಿಯಮಗಳು ಅಡ್ಡ ಬರುವುದರಿಂದ ಸಿಎ ಫಲಕ ಮತ್ತು ವಕೀಲರ ಫಲಕ ಎರಡನ್ನೂ ಒಟ್ಟಿಗೆ ಹಾಕಿ ಕೂರಲು ಸಾಧ್ಯವಿಲ್ಲ, ಒಂದನ್ನು ಆರಿಸಬೇಕು. ಓದುವ ಕಷ್ಟವೂ ಇದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಶೇಕಡಾ 70 ಹಾಜರಿ ಕಡ್ಡಾಯ, ದೂರಶಿಕ್ಷಣಕ್ಕೆ ಅವಕಾಶವಿಲ್ಲ. ಕಾಲೇಜು ಇರುವುದು ಮಂಗಳೂರು, ಪುತ್ತೂರು, ಉಡುಪಿಯಂಥ ಊರುಗಳಲ್ಲಿ. ಬಿ.ಸಿ. ರೋಡಿನವರಿಗೆ ಮಂಗಳೂರು ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಮೂಡುಬಿದಿರೆಯವರಿಗೂ ಹೇಗೋ ಆದೀತು, ಬೆಳ್ತಂಗಡಿಯವರಿಗೆ ದಿನದ ಅರ್ಧ ಬಸ್ಸಿನಲ್ಲೇ ಕಳೆಯುತ್ತದೆ. ಆದ್ದರಿಂದ ನನ್ನ ಸಲಹೆ ಹೀಗಿದೆ: ಕಚೇರಿ ತೆರೆಯುವ ಮೊದಲೇ, ಕೈಯಲ್ಲಿ ಹಗಲು ಇರುವಾಗಲೇ, ತೆರಿಗೆ ವ್ಯಾಜ್ಯವನ್ನೇ ಬದುಕಾಗಿಸಿಕೊಳ್ಳಲು ನಿರ್ಧರಿಸಿದವರು ಕಾನೂನು ಓದಬೇಕು. ಪಾಲುದಾರಿಕೆ ಕಚೇರಿಗಳಲ್ಲಿ ನಾಲ್ವರಲ್ಲಿ ಒಬ್ಬರಾದರೂ ಹಾಗೆ ಓದಿದವರಿದ್ದರೆ ಇಡೀ ಕಚೇರಿಯ ಬರವಣಿಗೆ ಸುಧಾರಿಸುತ್ತದೆ.

ಎಂಬಿಎ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಣ್ಣ ಊರಿನ ಆಡಿಟ್ ಕೆಲಸದಿಂದ ದೃಷ್ಟಿ ಕಿರಿದಾಗುತ್ತದೆ, ಮಾರುಕಟ್ಟೆ, ಜನ, ತಂತ್ರಜ್ಞಾನಗಳ ಅರಿವು ಬರಬೇಕಾದರೆ ಆಡಳಿತ ಶಿಕ್ಷಣ ಬೇಕು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಸಿಎ ಆದ ಮೇಲೆ ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಮಾಡಿದ ಕುಮಾರ ಮಂಗಲಂ ಬಿರ್ಲಾ ಅವರ ಉದಾಹರಣೆ ಎಲ್ಲರ ಬಾಯಲ್ಲಿದೆ. ಆದರೆ ಅವರೆದುರು ನಡೆಸಲು ಒಂದು ಉದ್ಯಮ ಸಮೂಹವಿತ್ತು. ನಮ್ಮ ತರುಣರ ಎದುರಿಗಿರುವುದು ಸಾಲ. ಬೆಂಗಳೂರಿನ ಐಐಎಂನ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ದಾಟಿದೆ, ಅದರ ಜೊತೆ ಎರಡು ವರ್ಷದ ದುಡಿಮೆಯೂ ಹೋಗುತ್ತದೆ. ಬಂಡವಾಳ ಮಾರುಕಟ್ಟೆಯಲ್ಲೋ ದೊಡ್ಡ ಕಂಪನಿಯ ಆಡಳಿತದಲ್ಲೋ ಬದುಕು ಕಟ್ಟಲು ಊರು ಬಿಡುವವರಿಗೆ, ಅದೂ ಮೊದಲ ಎರಡು ಮೂರು ವರ್ಷದೊಳಗೆ, ದೇಶದ ಅತ್ಯುತ್ತಮ ಸಂಸ್ಥೆಯಲ್ಲೇ ಸೀಟು ಸಿಕ್ಕಿದರೆ ಆ ವೆಚ್ಚ ಸಾರ್ಥಕ. ಎರಡನೆಯ ದರ್ಜೆಯ ಸಂಸ್ಥೆಯ ಎಂಬಿಎ ಸಿಎ ಅರ್ಹತೆಗೆ ಏನನ್ನೂ ಸೇರಿಸದು. ಕೊಲ್ಲಿಗೆ ಹೋಗುವವರ ವಿಷಯದಲ್ಲಂತೂ ಮಾಸ್ಟರ್ಸ್‌ಗಿಂತ ಮೊದಲ ಪದವಿಯ ಚಿಂತೆ ದೊಡ್ಡದು. ಯುಎಇಯಲ್ಲಿ 2018ರಿಂದ ವ್ಯಾಟ್, 2023ರ ಜೂನ್‌ನಿಂದ ಶೇಕಡಾ 9ರ ಕಾರ್ಪೊರೇಟ್ ತೆರಿಗೆ ಬಂದ ಮೇಲೆ ನಮ್ಮ ಲೆಕ್ಕಿಗರಿಗೆ ಬೇಡಿಕೆ ಇದೆ. ಆದರೆ ಅಲ್ಲಿ ಕೆಲಸದ ವೀಸಾಕ್ಕೆ ದೃಢೀಕರಿಸಿದ ವಿಶ್ವವಿದ್ಯಾಲಯದ ಪದವಿಪತ್ರ ಕೇಳುತ್ತಾರೆ. ಫೌಂಡೇಶನ್‌ನಿಂದಲೇ ಸಿಎಗೆ ಇಳಿದು ಬಿ.ಕಾಂ.ನ್ನು ಅರ್ಧಕ್ಕೆ ಬಿಟ್ಟವರು ಅಲ್ಲಿ ಸಿಕ್ಕಿಬೀಳುತ್ತಾರೆ. ಎರಡನೆಯ ಪದವಿಯ ಮಾತಾಡುವ ಮುನ್ನ ಮೊದಲನೆಯದನ್ನು ಮುಗಿಸಬೇಕು.

ಹೊರದೇಶದ ಅನುಭವವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಅಮೆರಿಕದ ರಾಜ್ಯಗಳು ಸಿಪಿಎ ಪರವಾನಗಿಗೆ 150 ಕ್ರೆಡಿಟ್ ಗಂಟೆಗಳ ಓದನ್ನು, ಅಂದರೆ ನಾಲ್ಕು ವರ್ಷದ ಪದವಿಯ ಮೇಲೆ ಸುಮಾರು ಒಂದು ವರ್ಷದ ಹೆಚ್ಚಿನ ವ್ಯಾಸಂಗವನ್ನು ದಶಕಗಳ ಕಾಲ ಬೇಡಿದವು. ಬಹಳ ಮಂದಿ ಅದಕ್ಕಾಗಿಯೇ ಮಾಸ್ಟರ್ಸ್ ಮಾಡಿದರು. ವೃತ್ತಿಗೆ ಬರುವವರ ಸಂಖ್ಯೆ ಇಳಿದಾಗ ಆ ಐದನೆಯ ವರ್ಷದ ಭಾರ ಚರ್ಚೆಗೆ ಬಂತು. 2025ರ ಜನವರಿಯಲ್ಲಿ ಓಹಾಯೋ ರಾಜ್ಯ ಪದವಿಯ ಜೊತೆ ಎರಡು ವರ್ಷದ ಅನುಭವವನ್ನೂ ಪರ್ಯಾಯ ದಾರಿಯಾಗಿ ಒಪ್ಪುವ ಕಾನೂನು ಮಾಡಿತು, ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಹೆಚ್ಚುವರಿ ಓದನ್ನು ಕಡ್ಡಾಯ ಮಾಡಿ ನೋಡಿದ ನಾಡೇ ಈಗ ಕೆಲಸದ ಅನುಭವಕ್ಕೆ ಬೆಲೆ ಕಟ್ಟುತ್ತಿರುವಾಗ, ಆರ್ಟಿಕಲ್‌ಶಿಪ್ ಎಂಬ ಅನುಭವವನ್ನು ಒಳಗೊಂಡೇ ಬೆಳೆದ ನಮ್ಮ ಪದ್ಧತಿ ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದು ಭಯದಿಂದ ಹುಟ್ಟಿದ್ದು. ರಿಟರ್ನ್ ತುಂಬುವ ಕೆಲಸವನ್ನು ಯಂತ್ರ ಮಾಡುತ್ತಿದೆ, ಕಾನೂನು ಬದಲಾದಂತೆ ಆದಾಯದ ಮೂಲವೇ ಬತ್ತುತ್ತದೆ, ಹಾಗಾಗಿ ಭದ್ರತೆಗೆ ಇನ್ನೊಂದು ಪದವಿ ಇರಲಿ ಎಂಬುದು ಆ ವಾದ. ಭಯಕ್ಕೆ ಆಧಾರ ಉಂಟು. ಜಿಎಸ್‌ಟಿ ವಾರ್ಷಿಕ ಲೆಕ್ಕಕ್ಕೆ ಸಿಎಯೋ ಕಾಸ್ಟ್ ಅಕೌಂಟೆಂಟೋ ಪ್ರಮಾಣೀಕರಿಸಬೇಕೆಂಬ ನಿಯಮವನ್ನು 2021ರಲ್ಲಿ ತೆಗೆದುಹಾಕಿದಾಗ ಸಣ್ಣ ಊರಿನ ಕಚೇರಿಗಳ ಒಂದು ಕೆಲಸ ಒಮ್ಮೆಲೇ ಇಲ್ಲವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾಗಿ ಈ ಜಿಲ್ಲೆಯ ಬ್ಯಾಂಕ್ ಶಾಖೆಗಳ ನಕ್ಷೆಯೇ ಬದಲಾಯಿತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವಂತಾಯಿತು. ಬಾಯಿಪಾಠವಾಗಿದ್ದ 80ಪಿಯಂಥ ಕಲಂ ಸಂಖ್ಯೆಗಳನ್ನೂ ಹೊಸದಾಗಿ ಕಲಿಯಬೇಕು. ಇಂಥ ಬದಲಾವಣೆಗೆ ಎರಡು ವರ್ಷದ ಪದವಿ ಉತ್ತರವಲ್ಲ, ಅದು ಮುಗಿಯುವಷ್ಟರಲ್ಲಿ ಪಠ್ಯವೇ ಹಳತಾಗಿರುತ್ತದೆ. ಪ್ರಾಕ್ಟೀಸ್ ಮಾಡುವ ಸಿಎಗೆ ಸಂಸ್ಥೆ ಮೂರು ವರ್ಷಕ್ಕೆ 120 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಮಾಹಿತಿ ವ್ಯವಸ್ಥೆಯ ಆಡಿಟ್, ವಂಚನೆ ಪತ್ತೆಯ ಲೆಕ್ಕಪರಿಶೋಧನೆ, ಮೌಲ್ಯಮಾಪಕರ ನೋಂದಣಿ, 2016ರ ದಿವಾಳಿ ಸಂಹಿತೆಯ ಕೆಳಗಿನ ವೃತ್ತಿಪರ ಪರೀಕ್ಷೆ, ಇವು ಕೆಲಸ ಬಿಡದೆ ಮಾಡಬಹುದಾದವು ಮತ್ತು ನೇರವಾಗಿ ಕೆಲಸ ತರುವವು.

ಕಾಲೇಜಿನ ಬಾಗಿಲಿಗೆ ಬರೋಣ. ಮೂಡುಬಿದಿರೆಯಲ್ಲಿ ಆಳ್ವಾಸ್, ಶ್ರೀ ಮಹಾವೀರ ಮತ್ತು ಧವಲಾ ಕಾಲೇಜುಗಳು, ಉಜಿರೆಯಲ್ಲಿ 1966ರಿಂದ ಇರುವ ಎಸ್‌ಡಿಎಂ ಕಾಲೇಜು, ಬಂಟ್ವಾಳದ ಎಸ್‌ವಿಎಸ್ ಕಾಲೇಜು, ಜೊತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಇಷ್ಟು ಕಡೆ ವಾಣಿಜ್ಯ ಶಾಸ್ತ್ರ ಕಲಿಸುತ್ತಾರೆ. ನೋಟೀಸಿಗೆ ಉತ್ತರ ಬರೆದು, ಸಂಘದ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿ ಬಂದವರು ತರಗತಿಯಲ್ಲಿ ನಿಂತರೆ ಪಾಠದ ತೂಕವೇ ಬೇರೆ. ಸಿಎ ಸಂಸ್ಥೆಯ ನಿಯಮಗಳು ಇದಕ್ಕೆ ಅಡ್ಡಿಯಲ್ಲ. ಅನುಮತಿ ಪಡೆದು ಕಲಿಸಬಹುದು, ನೇರ ಬೋಧನೆ ವಾರಕ್ಕೆ 25 ಗಂಟೆಯೊಳಗಿದ್ದರೆ ಆಡಿಟ್‌ಗೆ ಸಹಿ ಹಾಕುವ ಹಕ್ಕೂ ಉಳಿಯುತ್ತದೆ. ಸಿಎ ಆಗಿ, ಮದುವೆ ಮಕ್ಕಳ ನಡುವೆ ಪೂರ್ಣಾವಧಿಯ ಕಚೇರಿ ನಡೆಸಲಾಗದೆ ಊರಲ್ಲೇ ಉಳಿದ ಹೆಣ್ಣುಮಕ್ಕಳಿಗೆ ಈ ದಾರಿ ಮುಖ್ಯ. ಆದರೆ ಅತಿಥಿ ಉಪನ್ಯಾಸಕಿಯಾಗಿ ವರ್ಷ ವರ್ಷ ನವೀಕರಣಕ್ಕೆ ಕಾಯುವುದಕ್ಕೂ ಕಾಯಂ ಹುದ್ದೆಗೂ ನಡುವೆ ನಿಂತಿರುವುದು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್‌ಗಳೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಇಲ್ಲಿ ಪರೀಕ್ಷೆ ಬರೆಯಲೇಬೇಕು, ಮತ್ತು ಆ ಶ್ರಮ ವ್ಯರ್ಥವಲ್ಲ.

ಪಿಎಚ್.ಡಿ. ಬಗ್ಗೆ ನನಗಿರುವ ಆಸೆ ಹುದ್ದೆಯದ್ದಲ್ಲ. ಈ ಮೂರು ತಾಲೂಕುಗಳಲ್ಲಿ ಸ್ವಸಹಾಯ ಗುಂಪುಗಳ ದೊಡ್ಡ ಪ್ರಯೋಗ ನಡೆದಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲೇ ಹುಟ್ಟಿತು, ಅದೇ ವರ್ಷ ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಶುರುವಾಯಿತು. ನೂರು ವರ್ಷ ಮೀರಿದ ಸಹಕಾರ ಪರಂಪರೆ ಇದೆ. ಅಡಿಕೆ ಬೆಲೆ ಬಿದ್ದ ವರ್ಷ ಸಂಘದ ಸಾಲ ವಸೂಲಿಗೆ ಏನಾಗುತ್ತದೆ, ಬೀಡಿ ಕೆಲಸ ಕಡಿಮೆಯಾದ ಮನೆಗಳಲ್ಲಿ ಠೇವಣಿ ಹೇಗೆ ಕರಗುತ್ತದೆ, ಬಡ್ಡಿರಹಿತ ಸಾಲದ ಸಹಾಯಧನ ತಡವಾದಾಗ ಸಂಘದ ನಗದು ಹರಿವು ಎಲ್ಲಿ ಕಟ್ಟುತ್ತದೆ, ಇವೆಲ್ಲದರ ಉತ್ತರ ಆಡಿಟ್ ಕಡತಗಳಲ್ಲಿದೆ. ವಿಶ್ವವಿದ್ಯಾಲಯದ ಸಂಶೋಧಕರು ಸಾಮಾನ್ಯವಾಗಿ ಪ್ರಶ್ನಾವಳಿ ಹಂಚಿ, ‘ತೃಪ್ತಿ ಇದೆಯೇ’ ಎಂದು ಕೇಳಿ ಕೋಷ್ಟಕ ಮಾಡುತ್ತಾರೆ. ಬ್ಯಾಲೆನ್ಸ್ ಶೀಟನ್ನು ಒಳಗಿನಿಂದ ಓದಬಲ್ಲ ಸಿಎ ಸಂಶೋಧನೆಗಿಳಿದರೆ ಮಾತ್ರ ಈ ಪ್ರಶ್ನೆಗಳಿಗೆ ನಂಬುವಂಥ ಉತ್ತರ ಸಿಗುತ್ತದೆ.

ಗೋಪ್ಯತೆಯ ಮಾತನ್ನು ಯಾರಾದರೂ ಎತ್ತಿದರೆ ಅದು ನ್ಯಾಯವೇ. ಕಕ್ಷಿದಾರನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದು ಸಿಎ ಕಾಯ್ದೆಯಂತೆ ವೃತ್ತಿಪರ ದುರ್ನಡತೆ. ಆದರೆ ಸಹಕಾರಿ ಸಂಘ ತನ್ನ ವಾರ್ಷಿಕ ವರದಿಯನ್ನು ಅಚ್ಚು ಹಾಕಿಸಿ ಮಹಾಸಭೆಗೆ ಮುನ್ನ ಪ್ರತಿ ಸದಸ್ಯನಿಗೂ ಹಂಚುತ್ತದೆ, ಅದರಲ್ಲೇ ಹತ್ತಿಪ್ಪತ್ತು ವರ್ಷಗಳ ಸರಣಿ ಸಿಗುತ್ತದೆ. ಅದಕ್ಕೂ ಒಳಗಿನ ವಿವರ ಬೇಕಾದರೆ ಮಹಾಸಭೆಯಲ್ಲಿ ನಿರ್ಣಯ ಮಾಡಿಸಿ, ಸಂಘದ ಹೆಸರು ಮರೆಸಿ ಬಳಸಬಹುದು. 2022ರ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ನೋಂದಣಿಗೆ ಅವಕಾಶ ಕೊಟ್ಟಿದೆ. ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು. ಸಂಖ್ಯಾಶಾಸ್ತ್ರದ ಕೊರತೆಯನ್ನು ಅದರ ಪೂರ್ವಪಾಠಗಳು ತುಂಬಬಲ್ಲವು. ಐದಾರು ವರ್ಷ ಆಡಿಟ್ ಮಾಡಿ, ಕಡತಗಳಿಂದಲೇ ಒಂದು ಪ್ರಶ್ನೆ ಎದ್ದು ಕಾಡತೊಡಗಿದ ಮೇಲೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗಕ್ಕೋ ಬೇರೆ ವಿಶ್ವವಿದ್ಯಾಲಯಕ್ಕೋ ಹೋಗಿ ಮಾರ್ಗದರ್ಶಕರನ್ನು ಹುಡುಕಬೇಕು. ಪ್ರಶ್ನೆ ಕೈಯಲ್ಲಿ ಇಲ್ಲದವರು ಅರ್ಜಿ ಹಾಕುವುದು ಬೇಡ.